ಘನವಸ್ತುಗಳ ಮುಟ್ಟು

"ಯಾವ ವಸ್ತುವಿಗೆ ಆಗ್ಯದ?" ಎಂದು ಭೀಮಾಬಾಯಿ ಅಡುಗೆಮನೆಯ ಹೊಸ್ತಿಲ ಒಳಗಿನಿಂದ ಕೇಳಿದರು.

ಹೊಸ್ತಿಲಿನಾಚೆ, ಒಂದು ಮಾರು ದೂರದಲ್ಲಿ, ಅವರ ಮಗ ಸತ್ಯಾತ್ಮ ಕರಪತ್ರವೊಂದನ್ನು ಎರಡೂ ಕೈಗಳಿಂದ ಅಗಲಿಸಿ ಹಿಡಿದು ನಿಂತಿದ್ದ. ಗುರುವಾರ ಬೆಳಗಿನ ಏಳೂವರೆ. ಭೀಮಾಬಾಯಿ ಸ್ನಾನ ಮುಗಿಸಿ ಮಡಿಸೀರೆ ಉಟ್ಟಾಗಿತ್ತು. ಇನ್ನು ಅಡುಗೆ, ನೈವೇದ್ಯ, ಊಟ ಎಲ್ಲ ಮುಗಿಯುವ ತನಕ, ಅಂದರೆ ಹೆಚ್ಚುಕಡಿಮೆ ಹನ್ನೆರಡರವರೆಗೆ, ಅವರು ಮನೆಯಲ್ಲಿ ಯಾರನ್ನೂ ಮುಟ್ಟುವವರಲ್ಲ, ಯಾರಿಂದಲೂ ಮುಟ್ಟಿಸಿಕೊಳ್ಳುವವರಲ್ಲ. ಓದುವುದಕ್ಕೆ ಮಾತ್ರ ಮಡಿಯ ಅಡ್ಡಿಯಿಲ್ಲ. ವಯಸ್ಸು ಎಪ್ಪತ್ತೆಂಟಾದರೂ, ಹೋದ ವರ್ಷ ಪೊರೆ ತೆಗೆಸಿದ ಮೇಲೆ ಅವರದು ಹದ್ದಿನ ಕಣ್ಣು.

"ತಡಿ, ಇನ್ನೊಮ್ಮೆ ಓದ್ತೀನಿ" ಎಂದು ಗಟ್ಟಿಯಾಗಿ ಓದಿದರು. "ಕನ್ನಡ ಬಳಗ, ಮೈಲಾಪೂರ್. ಭಾನುವಾರ ಸಂಜೆ ಐದಕ್ಕೆ ವಿಶೇಷ ಉಪನ್ಯಾಸ. ಉಪನ್ಯಾಸಕಿ, ಕುಮಾರಿ ಸಂಹಿತಾ. ವಿಷಯ, ಘನವಸ್ತುಗಳ ಮುಟ್ಟು. ಕಾಫಿ, ಉಪಾಹಾರದ ವ್ಯವಸ್ಥೆ ಇದೆ."

ಸೋಫಾದ ಮೇಲೆ ಸತ್ಯಾತ್ಮನ ಹೆಂಡತಿ ಕಲಾವತಿ ಶೋಳಿಂಗನಲ್ಲೂರಿನ ಆಫೀಸ್ ಕ್ಯಾಬಿಗಾಗಿ ಕಾದು ಕೂತಿದ್ದಳು. ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದ ಅವಳಿಗೆ ಕಣ್ಣಲ್ಲಿ ನೀರು ಬಂದಿತ್ತು. ಕ್ಯಾಬಿನ ಡ್ರೈವರ್ ಎರಡು ಸಲ ಫೋನ್ ಮಾಡಿದ್ದು ಅವಳಿಗೆ ಕೇಳಿಸಿರಲಿಲ್ಲ.

ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಹೊರಬಂದ ಸಂಹಿತಾಳಿಗೆ ಈ ನಗು ಯಾತಕ್ಕೆಂದು ತಿಳಿಯಲಿಲ್ಲ. ಅಪ್ಪನ ಕೈಯ ಕಾಗದವನ್ನು ಬಗ್ಗಿ ನೋಡಿದಳು. "ಸರಿಯಾಗೇ ಅದ ದಾನೇ? ಸ್ಪೆಲ್ಲಿಂಗ್ ಎಲ್ಲಾ ಕರೆಕ್ಟ್ ಅದ" ಎಂದಳು, ‘ಅಲ್ಲವೇ’ ಎನ್ನುವಲ್ಲಿ ತಮಿಳಿನ ‘ದಾನೇ’ ಬೆರೆಸಿ.

ಸ್ಪೆಲ್ಲಿಂಗ್ ಕರೆಕ್ಟಾಗಿಯೇ ಇತ್ತು. ಅವಳು ಹೇಳಹೊರಟಿದ್ದು ಒಂದನ್ನೊಂದು ಮುಟ್ಟುವ ಘನವಸ್ತುಗಳ ವಿಚಾರ. ಓಡುವುದಕ್ಕೆ ಓಟ, ನೋಡುವುದಕ್ಕೆ ನೋಟ, ಹಾಗಾದರೆ ಮುಟ್ಟುವುದಕ್ಕೆ ಏನು ಎಂದು ಬರೆಯುವಾಗ ಬಹಳ ಹೊತ್ತು ಪೆನ್ನು ಕಚ್ಚಿದ್ದಳು. ಏನೂ ಹೊಳೆಯದೆ ಪದವನ್ನು ಇದ್ದ ಹಾಗೇ ಬಿಟ್ಟಿದ್ದಳು. ಹಾಗೆ ಒಂಟಿಯಾಗಿ ಬಿಟ್ಟರೆ ಅದು ಹೆಂಗಸರ ತಿಂಗಳಿನ ಮೂರು ದಿನಗಳ ಹೆಸರಾಗಿಬಿಡುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಶಾಲೆಯಲ್ಲಿ ಕಲಿತದ್ದು ತಮಿಳು, ಕಾಲೇಜಿನಲ್ಲಿ ಇಂಗ್ಲಿಷು. ಮನೆಯಲ್ಲಿ ಆ ದಿನಗಳಿಗೆ ‘ದೂರ’ ಎನ್ನುತ್ತಿದ್ದರು.

ಇಷ್ಟಕ್ಕೂ ಅಚ್ಚಾಗುವ ಮುನ್ನ ಯಾರಾದರೂ ನೋಡಬೇಕಿತ್ತು. ಆದರೆ ಬಳಗದ ಕಾರ್ಯದರ್ಶಿ ವಿಷ್ಣುತೀರ್ಥರಿಗೆ ವಾಟ್ಸಾಪಿನಲ್ಲಿ ಬಂದದ್ದನ್ನು ಓದದೆ ಮುಂದಕ್ಕೆ ಕಳಿಸುವುದು ಬಹುಕಾಲದ ಅಭ್ಯಾಸ. ಸಂಹಿತಾ ಕಳಿಸಿದ್ದನ್ನೂ ಹಾಗೇ ಕಳಿಸಿದರು. ಪ್ರೆಸ್ಸಿನವನಿಗೆ ಕನ್ನಡ ಬಾರದು. ಬಾರದವನಾದ್ದರಿಂದ ಒಂದಕ್ಷರವನ್ನೂ ಅತ್ತಿತ್ತ ಮಾಡದೆ, ಬಹಳ ಶ್ರದ್ಧೆಯಿಂದ ಮುನ್ನೂರು ಪ್ರತಿ ಅಚ್ಚುಹಾಕಿಕೊಟ್ಟ. ಅವು ನಿನ್ನೆಯೇ ಮೈಲಾಪೂರಿನಿಂದ ಮಾಂಬಲದವರೆಗೆ ಕನ್ನಡದ ಮನೆಮನೆಗೂ ಹೋಗಿದ್ದವು.

ಕಲಾವತಿ ಮಗಳನ್ನು ಪಕ್ಕಕ್ಕೆ ಕರೆದು ತಮಿಳಿನಲ್ಲಿ ಎರಡೇ ವಾಕ್ಯದಲ್ಲಿ ವಿವರಿಸಿದಳು. ಸಂಹಿತಾ ಬಾಯಲ್ಲಿದ್ದ ಪೇಸ್ಟನ್ನು ನುಂಗಿಬಿಟ್ಟಳು.

ಅಷ್ಟರಲ್ಲಿ ಫೋನ್ ಬಂತು. ಬಳಗದ ಮಹಿಳಾ ವಿಭಾಗದ ಅಧ್ಯಕ್ಷೆ, ಭೀಮಾಬಾಯಿಯ ನಲವತ್ತು ವರ್ಷದ ಗೆಳತಿ ಜಯಲಕ್ಷ್ಮಮ್ಮನವರದು. ಮಡಿಯಲ್ಲಿದ್ದವರು ಫೋನ್ ಹಿಡಿಯುವಂತಿಲ್ಲ. ಆದ್ದರಿಂದ ಬೆಳಗಿನ ಕರೆಗಳನ್ನು ಸತ್ಯಾತ್ಮ ಸ್ಪೀಕರಿಗೆ ಹಾಕಿ ಹೊಸ್ತಿಲ ಬಳಿ ನೆಲದ ಮೇಲಿಡುವುದು ಆ ಮನೆಯ ಪದ್ಧತಿ. ಆ ಪದ್ಧತಿಯಿಂದಾಗಿ ಜಯಲಕ್ಷ್ಮಮ್ಮನವರ ಮಾತು ಎದುರು ಫ್ಲಾಟಿಗೂ ಕೇಳಿಸಿತು.

"ಭೀಮಕ್ಕ, ನಿಮ್ಮ ಮೊಮ್ಮಗಳ ಕಾಗದ ಬಂತು. ಒಳ್ಳೆ ವಿಷಯ ಆರಿಸಿಕೊಂಡಿದ್ದಾಳೆ. ಅಲ್ಲ, ಗಂಡಸರೂ ಬರಬಹುದೇನು? ನಮ್ಮನೆಯವರು ಕೇಳ್ತಾ ಇದಾರೆ."

"ತಿಳಿಸ್ತೀನಿ" ಎಂದಷ್ಟೇ ಹೇಳಿ ಭೀಮಾಬಾಯಿ ಮಗನಿಗೆ ಫೋನ್ ನಿಲ್ಲಿಸುವಂತೆ ಕಣ್ಣಲ್ಲೇ ಸೂಚಿಸಿದರು. ಆಮೇಲೆ ಎಂದಿನಂತೆ ಕಾಫಿಯ ಲೋಟವನ್ನು ಹೊಸ್ತಿಲ ಮೇಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ಅವರು ಸರಿದ ಮೇಲೆ ಸಂಹಿತಾ ಬಗ್ಗಿ ಲೋಟ ಎತ್ತಿಕೊಳ್ಳಬೇಕು. ಹುಟ್ಟಿದಾಗಿನಿಂದ ಅವಳು ಬೆಳಗಿನ ಹಾಲು, ಬೋರ್ನ್‌ವಿಟಾ, ಕಾಫಿ ಎಲ್ಲವನ್ನೂ ಎತ್ತಿಕೊಂಡದ್ದು ಆ ಹೊಸ್ತಿಲಿನಿಂದಲೇ.

"ಅಜ್ಜಿ, ನಾನು ಬೇಕಂತ ಮಾಡಿದ್ದಲ್ಲ."

"ಗೊತ್ತದ. ಆದ್ರ ನಾ ಬರೂದಿಲ್ಲ" ಎಂದರು ಭೀಮಾಬಾಯಿ. "ಮುಂದಿನ ಸಾಲಿನ್ಯಾಗ ಕೂತು ಎಲ್ಲಾರ ಮುಖ ನೋಡೂದು ನನಗ ಆಗೂದಿಲ್ಲ ಕೂಸ."

ಸಂಹಿತಾಳ ಮುಖ ಸಣ್ಣದಾಯಿತು. ಆ ಉಪನ್ಯಾಸಕ್ಕೆ ಅವಳು ಒಪ್ಪಿಕೊಂಡದ್ದೇ ಅಜ್ಜಿಗಾಗಿ. ತರಮಣಿಯ ಗಣಿತದ ಸಂಸ್ಥೆಯೊಂದಕ್ಕೆ ಅವಳು ದಿನವೂ ರೈಲು ಹತ್ತಿ ಹೋಗತೊಡಗಿ ಐದು ವರ್ಷವಾಗಿತ್ತು. ಮೊಮ್ಮಗಳು ಏನು ಓದುತ್ತಾಳೆಂದು ಯಾರಾದರೂ ಕೇಳಿದರೆ ಭೀಮಾಬಾಯಿ ‘ಲೆಕ್ಕ’ ಎನ್ನುತ್ತಿದ್ದರು. ಕೆಳಗಿನ ಮನೆಯವರು ಹಾಗಾದರೆ ನಮ್ಮ ಮಗುವಿಗೆ ಮಗ್ಗಿ ಹೇಳಿಕೊಡಲಿ ಎಂದು ಕಳಿಸಿಯೂ ಇದ್ದರು. ಒಂದು ಮಧ್ಯಾಹ್ನ ಸಂಹಿತಾ ಅಜ್ಜಿಯನ್ನು ಕೂರಿಸಿಕೊಂಡು, ಅರ್ಧ ತಮಿಳು, ಕಾಲು ಇಂಗ್ಲಿಷು, ಉಳಿದದ್ದು ಕನ್ನಡದಲ್ಲಿ ಒಂದು ಗಂಟೆ ತನ್ನ ಸಂಶೋಧನೆಯನ್ನು ವಿವರಿಸಿದ್ದಳು. ಎಲ್ಲ ಕೇಳಿಸಿಕೊಂಡು ಅಜ್ಜಿ "ಒಳ್ಳೇದಾಗ್ಲಿ" ಎಂದಿದ್ದರು. ಆ ‘ಒಳ್ಳೇದಾಗ್ಲಿ’ ಸಂಹಿತಾಳಿಗೆ ಬಹಳ ನೋವು ಮಾಡಿತ್ತು. ಊರಿಗೆಲ್ಲ ಅರ್ಥವಾಗದಿದ್ದರೆ ಬೇಡ, ಅಜ್ಜಿಗೊಬ್ಬಳಿಗೆ ಅರ್ಥವಾಗಬೇಕು ಎಂಬುದೊಂದೇ ಅವಳ ಆಸೆ. ಅದಕ್ಕೇ ವಿಷ್ಣುತೀರ್ಥರು ಕೇಳಿದ ಕೂಡಲೇ ಹೂಂ ಎಂದಿದ್ದಳು, ಕನ್ನಡದಲ್ಲೇ ಮಾತಾಡುತ್ತೇನೆ ಎಂದಿದ್ದಳು. ಈಗ ಆ ಕನ್ನಡವೇ ಅಜ್ಜಿಯನ್ನು ಮನೆಯಲ್ಲಿ ಕೂರಿಸುವ ಹಾಗೆ ಮಾಡಿತ್ತು.

ಸಂಜೆ ವಿಷ್ಣುತೀರ್ಥರೇ ಬಂದರು. ಕರಪತ್ರವನ್ನು ಅವರು ಅಂತೂ ಓದಿದ್ದರು.

"ಎನ್ನ ಮಾ ಇದು, ಏನಮ್ಮ ಇದು" ಎಂದು ಕುರ್ಚಿಯಲ್ಲಿ ಕುಸಿದರು. "ಬೆಳಿಗ್ಗೆಯಿಂದ ನಲವತ್ತು ಫೋನು. ಒಬ್ಬರು ಡಾಕ್ಟರನ್ನೂ ಕರೆಸ್ತೀರಾ ಅಂತಾರೆ. ಭಜನೆ ಇಟ್ಟುಬಿಡೋಣ, ಸಂಹಿತಾ. ಉಪನ್ಯಾಸಕಿಗೆ ಗಂಟಲು ಸರಿಯಿಲ್ಲ ಅಂತ ಹೇಳ್ತೀನಿ."

ಸಂಹಿತಾ ಒಂದು ಕ್ಷಣ ಯೋಚಿಸಿದಳು. ಭಜನೆ ಎಂದರೆ ಅಜ್ಜಿ ಖಂಡಿತ ಬರುತ್ತಾಳೆ. ಆದರೆ ಬಂದು ಭಜನೆ ಕೇಳುತ್ತಾಳೆ.

"ಬೇಡ ಮಾಮಾ, ಗಂಟಲು ಸರಿಯಾಗೇ ಅದ. ತಪ್ಪು ನಂದು, ನಾನೇ ನಿಂತು ಹೇಳ್ತೀನಿ."

ಒಳಗೆ ಹೂ ಕಟ್ಟುತ್ತಿದ್ದ ಭೀಮಾಬಾಯಿಗೆ ಇದು ಕೇಳಿಸಿತು.

ಶನಿವಾರ ಬೆಳಿಗ್ಗೆ ಸಂಹಿತಾ ಹಾಲಿನ ಕೆಂಪು ನೆಲದ ಮೇಲೆ ಏಳು ಕೋಲುಗಳನ್ನು ಹರಡಿಕೊಂಡು ಕೂತಿದ್ದಳು. ಮಂದವೆಳಿಯ ಬಡಗಿಯೊಬ್ಬನಿಂದ ಮಾಡಿಸಿದ ದುಂಡನೆಯ ಮರದ ಕೋಲುಗಳು. ಒಂದೊಂದೂ ಗೇಣುದ್ದ, ಹೆಬ್ಬೆರಳ ದಪ್ಪ. ದೂರದಿಂದಲೂ ಗುರುತಿಸಲೆಂದು ಒಂದೊಂದಕ್ಕೆ ಒಂದೊಂದು ಬಣ್ಣ ಬಳಿದಿದ್ದಳು. ಅವಳು ತೋರಿಸಬೇಕಾಗಿದ್ದು ಇಷ್ಟೇ: ಏಳೂ ಒಂದೇ ಅಳತೆಯ ಕೋಲುಗಳು, ಪ್ರತಿಯೊಂದೂ ಉಳಿದ ಆರನ್ನೂ ಮುಟ್ಟಿರಬೇಕು. ಮೂರನ್ನು ನೆಲದ ಮೇಲೆ ತಿರುಗಣಿಯ ಹಾಗೆ, ಒಂದರ ತುದಿ ಇನ್ನೊಂದರ ಪಕ್ಕಕ್ಕೆ ತಾಗುವಂತೆ ಮಲಗಿಸುವುದು. ನಡುವೆ ಉಳಿದ ಸಂದಿಯಲ್ಲಿ ಒಂದನ್ನು ನೆಟ್ಟಗೆ ನಿಲ್ಲಿಸುವುದು. ಮಲಗಿದವುಗಳ ಮೇಲೆ ಇನ್ನೂ ಮೂರನ್ನು ಅಡ್ಡಡ್ಡವಾಗಿ, ಈ ಸಲ ಉಲ್ಟಾ ತಿರುವಿನಲ್ಲಿ ಇಡುವುದು. ಕಾಗದದ ಮೇಲೆ ಇದು ಸಲೀಸು. ನೆಲದ ಮೇಲೆ ಮಾತ್ರ ಯಾವುದೋ ಒಂದು ಜೋಡಿ ಮುನಿಸಿಕೊಂಡು ದೂರ ನಿಲ್ಲುತ್ತಿತ್ತು. ಯಾವ ಜೋಡಿ ಎಂಬುದೇ ಅವಳಿಗೆ ತಿಳಿಯುತ್ತಿರಲಿಲ್ಲ.

ಹೊಸ್ತಿಲ ಒಳಗೆ ಮಣೆಯ ಮೇಲೆ ಕೂತು ಭೀಮಾಬಾಯಿ ಅವರೆಕಾಯಿ ಸುಲಿಯುತ್ತಿದ್ದರು. ನೋಡುವುದಿಲ್ಲ ಎಂದುಕೊಂಡೇ ಅರ್ಧ ಗಂಟೆಯಿಂದ ನೋಡುತ್ತಿದ್ದರು.

"ಆ ಹಸಿರುದು ಮುಟ್ಟಿಲ್ಲ" ಎಂದರು ಕೊನೆಗೆ.

"ಮುಟ್ಟ್ಯದ ಅಜ್ಜಿ."

"ಇಲ್ಲ. ಅದರ ಮ್ಯಾಲಿನ ಹಳದಿಗೂ ಅದಕ್ಕೂ ಸಂದಿ ಅದ. ಹೂ ಕಟ್ಟೂ ದಾರ ತಂದು ಹಾಯಿಸಿ ನೋಡು."

ಸಂಹಿತಾ ದಾರ ತಂದಳು. ಹಳದಿ ಮತ್ತು ಹಸಿರಿನ ನಡುವೆ ದಾರ ಯಾವ ತಕರಾರೂ ಇಲ್ಲದೆ ಈಚೆಯಿಂದ ಆಚೆಗೆ ಹೋಯಿತು. ಅವಳು ತಲೆಯೆತ್ತಿ ಅಜ್ಜಿಯನ್ನು ನೋಡಿದಳು. ಹೊಸ್ತಿಲಿಗೂ ಕೋಲುಗಳಿಗೂ ನಡುವೆ ಎಂಟು ಅಡಿಯಾದರೂ ಇತ್ತು.

"ಅಲ್ಲಿಂದ ನಿನಗ ಹೆಂಗ ಕಾಣಿಸ್ತು?"

"ಐವತ್ತಾರು ವರ್ಷದಿಂದ ನಾ ಮಾಡಿದ್ದು ಮತ್ತೇನು?" ಭೀಮಾಬಾಯಿ ಕೈಯಲ್ಲಿದ್ದ ಅವರೆಕಾಯಿಯನ್ನು ಮಡಿಲಿಗೆ ಹಾಕಿಕೊಂಡರು. "ಯಾವುದು ಯಾವುದಕ್ಕ ಮುಟ್ಟ್ಯದ, ಯಾವುದು ಮುಟ್ಟಿಲ್ಲ, ಇದ ನೋಡೂದು. ನಿಮ್ಮಪ್ಪ ಸಣ್ಣಾಂವ ಇದ್ದಾಗ ಚಾಪಿ ಮ್ಯಾಲೆ ನಿಲ್ತಿದ್ದ. ಚಾಪಿ ಹೋಗಿ ಬುಟ್ಟಿಗೆ ತಾಗ್ತಿತ್ತು, ಬುಟ್ಟಿ ಉಪ್ಪಿನಕಾಯಿ ಭರಣಿಗೆ. ಎಲ್ಲಾ ಮೈಲಿಗಿ. ಭರಣಿಗೂ ಬುಟ್ಟಿಗೂ ನಡುವ ಒಂದು ದಾರದಷ್ಟು ಸಂದಿ ಇದ್ರ ಭರಣಿ ಉಳೀತಿತ್ತು. ಆ ಸಂದಿ ಅದನೋ ಇಲ್ಲೋ ಅಂತ ದಿನಾ ನೋಡಬೇಕಲ್ಲ. ಕಣ್ಣಿಗೆ ರೂಢಿ ಆಗ್ಯದ."

ಭೀಮಾಬಾಯಿ ಒಂದು ಗಳಿಗೆ ಆ ಕೋಲುಗಳನ್ನೂ ಮೊಮ್ಮಗಳನ್ನೂ ನೋಡಿದರು. ಅವರ ಹುಬ್ಬು ನಿಧಾನವಾಗಿ ಮೇಲೇರಿತು.

"ಹಂಗಾರ ನೀ ತರಮಣಿಗೆ ಹೋಗಿ ಓದೂದು ಇದನ ಏನು?"

"ಇದನ ಅಜ್ಜಿ" ಎಂದಳು ಸಂಹಿತಾ. "ಒಂದೇ ಥರದ ವಸ್ತುಗಳನ್ನ ಒತ್ತೊತ್ತಾಗಿ ಇಟ್ರ ಎಷ್ಟು ಒಂದಕ್ಕೊಂದು ಮುಟ್ತಾವ ಅಂತ. ಇದನ."

"ಇದಕ್ಕ ಸರಕಾರದವರು ರೊಕ್ಕ ಕೊಡ್ತಾರ?"

"ಕೊಡ್ತಾರ."

"ನನಗ ಯಾರೂ ಕೊಡ್ಲಿಲ್ಲ ನೋಡು" ಎಂದು ಭೀಮಾಬಾಯಿ ನಕ್ಕರು. ನಗು ನಿಂತ ಮೇಲೆ ಮಣೆಯನ್ನು ಹೊಸ್ತಿಲ ಹತ್ತಿರಕ್ಕೆ ಎಳೆದುಕೊಂಡರು. "ಹಸಿರುದು ಉಳಿದವುಕ್ಕಿಂತ ಸಣ್ಣ ಅದ. ಬಡಗಿ ಬ್ಯಾರೆ ಕೋಲು ಕೊಯ್ದಾನ. ಎತ್ತಿ ಪಕ್ಕಕ್ಕ ಹಿಡಿ."

ಹೌದು. ಪಕ್ಕಪಕ್ಕ ಹಿಡಿದು ಸ್ಕೇಲ್ ಇಟ್ಟು ನೋಡಿದರೆ ಹಸಿರು ಕೋಲು ಉಳಿದವುಗಳಿಗಿಂತ ದಾರದೆಳೆಯಷ್ಟು ತೆಳ್ಳಗಿತ್ತು. ಎರಡು ದಿನದಿಂದ ಸಂಹಿತಾ ತನ್ನ ಲೆಕ್ಕವನ್ನು ಬಯ್ದುಕೊಳ್ಳುತ್ತಿದ್ದಳು. ಲೆಕ್ಕದ ತಪ್ಪೇನೂ ಇರಲಿಲ್ಲ. ಬಡಗಿಯ ಅಂಗಡಿ ಶನಿವಾರ ಮುಚ್ಚಿರುತ್ತದೆ, ಭಾನುವಾರ ಕೇಳುವುದೇ ಬೇಡ. ಅವಳು ತಲೆಯ ಮೇಲೆ ಕೈ ಹೊತ್ತಳು.

"ಇನ್ನ ಮೂರು ಸಲ ಬಣ್ಣ ಹಚ್ಚು" ಎಂದರು ಭೀಮಾಬಾಯಿ. "ದಪ್ಪ ಆಗ್ತದ."

"ಅದು ಮೋಸ ಅಜ್ಜಿ."

"ಮೋಸ ಯಾಕ? ಸಣ್ಣಾಕಿ ಅದಾಳ, ಮೂರು ಸೀರಿ ಉಡಿಸು. ನಾಳೆ ಸಂಜಿ ತನಕ ಒಣಗ್ತದ. ಈ ಊರ ಬಿಸಿಲು ಅಷ್ಟಾದರೂ ಉಪಯೋಗ ಬರ್ಲಿ."

ಮಧ್ಯಾಹ್ನದವರೆಗೂ ಅಜ್ಜಿ ಹೊಸ್ತಿಲ ಒಳಗಿನಿಂದ ಹೇಳುವುದು, ಮೊಮ್ಮಗಳು ಹೊರಗೆ ಜರುಗಿಸುವುದು ನಡೆಯಿತು. ಕೆಂಪು ಸ್ವಲ್ಪ ಎಡಕ್ಕೆ. ನಡುವಿನಾಕಿ ವಾಲ್ಯಾಳ, ನೆಟ್ಟಗ ನಿಲ್ಲಿಸು. ಅಷ್ಟು ಜೋರಾಗಿ ಬ್ಯಾಡ. ಮುಟ್ಟದೇ ಇರುವುದರಲ್ಲಿ ಆಯುಷ್ಯ ಕಳೆದವರು ಎಂಟು ಅಡಿ ದೂರದಲ್ಲಿ ಕೂತು ಕೋಲುಗಳನ್ನು ಒಂದಕ್ಕೊಂದು ಮುಟ್ಟಿಸಿದರು. ಅವರೆಕಾಯಿ ಹುಳಿಗೆ ಆ ದಿನ ಉಪ್ಪು ಎರಡು ಸಲ ಬಿತ್ತು, ಯಾರೂ ಅದರ ಸುದ್ದಿ ಎತ್ತಲಿಲ್ಲ.

"ಎಂಟು ಕೋಲು ಆಗ್ತಾವೇನು?" ಎಂದು ಊಟವಾದ ಮೇಲೆ ಭೀಮಾಬಾಯಿ ಕೇಳಿದರು.

"ಗೊತ್ತಿಲ್ಲ ಅಜ್ಜಿ. ಯಾರೂ ಮಾಡಿ ತೋರಿಸಿದ್ದು ನಾ ನೋಡಿಲ್ಲ."

"ಮತ್ತ ನೀ ನೋಡು."

"ನಾಳೆ ಬರ್ತೀಯಾ?"

ಭೀಮಾಬಾಯಿ ಒರೆಸುವ ಬಟ್ಟೆಯನ್ನು ಹಿಂಡಿ ತಂತಿಯ ಮೇಲೆ ಹಾಕಿದರು. "ಮೊದಲ ಹಸಿರಿಗೆ ಬಣ್ಣ ಹಚ್ಚು" ಎಂದರು.

ಭಾನುವಾರ ಸಂಜೆ ಮೈಲಾಪೂರಿನ ಲಸ್ ಸರ್ಕಲ್ಲಿನ ಹತ್ತಿರ, ಬಳಗದ ಮಹಡಿ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಳಗದ ಉಪನ್ಯಾಸಗಳಿಗೆ ಸಾಮಾನ್ಯವಾಗಿ ಇಪ್ಪತ್ತೈದು ಜನ, ಕಾಫಿಯ ವೇಳೆಗೆ ನಲವತ್ತು ಜನ ಸೇರುವುದು ವಾಡಿಕೆ. ಈ ದಿನ ಸೌಕಾರ್‌ಪೇಟೆಯ ಜವಳಿ ಅಂಗಡಿಗಳವರು ಕೂಡ ಸಂಸಾರ ಸಮೇತ ಬಂದಿದ್ದರು. ಗಂಡಸರು ಒಬ್ಬರ ಮುಖ ಒಬ್ಬರು ನೋಡದೆ ಹಿಂದಿನ ಸಾಲುಗಳಲ್ಲಿ ತುಂಬಿಕೊಂಡಿದ್ದರು. ವಿಷ್ಣುತೀರ್ಥರು ಪಕ್ಕದ ಮದುವೆ ಛತ್ರದಿಂದ ಕುರ್ಚಿ ತರಿಸುತ್ತ, "ಮುಂದಿನ ತಿಂಗಳ ಕಾರ್ಯಕ್ರಮಕ್ಕೂ ನೀನೇ ಹೆಸರಿಡಮ್ಮ" ಎಂದು ಸಂಹಿತಾಳ ಕಿವಿಯಲ್ಲಿ ಹೇಳಿ ಹೋದರು.

ಮುಂದಿನ ಸಾಲಿನ ನಡುವಿನ ಕುರ್ಚಿಯ ಮೇಲೆ ಸಂಹಿತಾ ತನ್ನ ಚೀಲ ಇಟ್ಟಿದ್ದಳು. ಅಪ್ಪ ಅಮ್ಮ ಅದರ ಪಕ್ಕದಲ್ಲಿ ಕೂತಿದ್ದರು. ಮನೆಯಿಂದ ಹೊರಡುವಾಗ ಅಜ್ಜಿ ದೇವರ ಮುಂದೆ ಬತ್ತಿ ಹೊಸೆಯುತ್ತ ಕೂತಿದ್ದರು, "ಹೋಗಿ ಬರ್ರಿ" ಎಂದಿದ್ದರು. ಐದು ದಾಟಿ ಐದು ನಿಮಿಷವಾಯಿತು, ಹತ್ತಾಯಿತು. ವಿಷ್ಣುತೀರ್ಥರು ಮೈಕು ತಟ್ಟಿದರು. ಸಂಹಿತಾ ಎದ್ದು ನಿಂತಳು.

ಆಗ ಬಾಗಿಲ ಬಳಿ ಜನ ಸರಿದರು. ಜಯಲಕ್ಷ್ಮಮ್ಮನವರ ಕೈ ಹಿಡಿದು, ಮದುವೆಗಳಿಗೆ ಮಾತ್ರ ಉಡುವ ನೇರಳೆ ಬಣ್ಣದ ಇಳಕಲ್ ಸೀರೆಯಲ್ಲಿ, ಮಹಡಿ ಹತ್ತಿದ ಏದುಸಿರು ಬಿಡುತ್ತ ಭೀಮಾಬಾಯಿ ಒಳಗೆ ಬಂದರು. ಯಾರ ಮುಖವನ್ನೂ ನೋಡದೆ ನೇರವಾಗಿ ಮುಂದಿನ ಸಾಲಿಗೆ ನಡೆದು, ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಕೂತರು. ಸಂಹಿತಾ ಬರೆದು ತಂದಿದ್ದ ಕಾಗದವನ್ನು ಮಡಿಚಿ ಮೇಜಿನ ಮೇಲಿಟ್ಟಳು.

"ಎಲ್ಲರಿಗೂ ನಮಸ್ಕಾರ" ಎಂದಳು. "ಮೊದಲು ಒಂದು ತಪ್ಪು ಒಪ್ಪಿಕೋಬೇಕು. ಕಾಗದದಲ್ಲಿ ನಾನು ಸ್ಪರ್ಶ ಅಂತ ಬರೀಬೇಕಿತ್ತು. ನನಗೆ ಆ ಪದ ಗೊತ್ತಿರಲಿಲ್ಲ. ನಾನು ಕನ್ನಡ ಕಲಿತದ್ದು ಶಾಲೆಯಲ್ಲಿ ಅಲ್ಲ, ನಮ್ಮ ಅಜ್ಜಿಯ ಅಡುಗೆಮನೆ ಬಾಗಿಲಲ್ಲಿ. ಅಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಸಲ ಕೇಳಿದ ಮಾತು ‘ಮುಟ್ಟಬ್ಯಾಡ’. ಕಾಗದ ಬರೆಯುವಾಗ ನಾನು ಅದರಿಂದ ‘ಬ್ಯಾಡ’ ತೆಗೆದೆ. ಉಳಿದದ್ದು ಟಚ್ ಅಂತ ಅಂದ್ಕೊಂಡೆ."

'ಮುಟ್ಟಬ್ಯಾಡ' ಎನ್ನದ ಅಜ್ಜಿ ಅಲ್ಲಿದ್ದವರಲ್ಲಿ ಯಾರ ಮನೆಯಲ್ಲೂ ಇರಲಿಲ್ಲವೆಂದು ಕಾಣುತ್ತದೆ. ಮೊದಲು ಹೆಂಗಸರ ಕಡೆಯಿಂದ, ಆಮೇಲೆ ಹಿಂದಿನ ಸಾಲುಗಳಿಂದ ನಗು ಎದ್ದು ಇಡೀ ಹಾಲನ್ನು ತುಂಬಿಕೊಂಡಿತು. ಭೀಮಾಬಾಯಿ ಮಾತ್ರ ಮೊಮ್ಮಗಳನ್ನೇ ನೋಡುತ್ತಿದ್ದರು. ಜಯಲಕ್ಷ್ಮಮ್ಮ ಮೊಣಕೈಯಿಂದ ತಿವಿದ ಮೇಲೆ ಅವರಿಗೂ ನಗು ಬಂತು. ಆದರೆ ಅದು ತಡವಾಗಿ ಬಂದ ನಗು. ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಆಮೇಲೆ ಸಂಹಿತಾಳಿಗೆ ಹೆದರಿಕೆಯಾಗಲಿಲ್ಲ. ಉಪಾಹಾರಕ್ಕೆ ಬಂದಿದ್ದ ಬೇಸನ್ ಉಂಡೆಗಳ ಡಬ್ಬಿಯನ್ನು ತರಿಸಿದಳು. ಒಂದು ಉಂಡೆಯ ಸುತ್ತ ಅದೇ ಗಾತ್ರದ ಹನ್ನೆರಡು ಉಂಡೆಗಳನ್ನು ತಾಗುವಂತೆ ಇಡಬಹುದು, ಹದಿಮೂರನೆಯದಕ್ಕೆ ಜಾಗವಿಲ್ಲ ಎಂದು ತೋರಿಸಿದಳು. ಆದರೆ ಎಲ್ಲವೂ ಎಲ್ಲವನ್ನೂ ಮುಟ್ಟಬೇಕೆಂದರೆ? ಹಾಗಾದರೆ ನಾಲ್ಕೇ ಉಂಡೆ, ಕೆಳಗೆ ಮೂರು, ಮೇಲೊಂದು. ಐದನೆಯದು ಎಷ್ಟು ತಿಣುಕಿದರೂ ಯಾವುದೋ ಒಂದರಿಂದ ದೂರವೇ ಉಳಿಯುತ್ತದೆ. ಉಂಡೆಯ ಬದಲು ಕೋಲಾದರೆ ಏಳು. ಕೋಲು ಮಾತ್ರ ಸಾಕಷ್ಟು ಉದ್ದವಿರಬೇಕು, ತನ್ನ ದಪ್ಪದ ಆರು ಪಟ್ಟಿಗಿಂತ ತುಸು ಹೆಚ್ಚು. ಮೋಟು ಕೋಲಿನ ಕೈ ಅಷ್ಟು ದೂರ ಚಾಚುವುದಿಲ್ಲ. ಹೀಗೆ ಹೇಳುತ್ತಲೇ ಅವಳು ಮೂರನ್ನು ಮಲಗಿಸಿ, ಒಂದನ್ನು ನಿಲ್ಲಿಸಿ, ಮೇಲೆ ಮೂರನ್ನು ಇಟ್ಟಳು. ಹಸಿರು ಕೋಲು ಮೂರು ಸೀರೆ ಉಟ್ಟ ಕಥೆಯನ್ನೂ ಮುಚ್ಚಿಡದೆ ಹೇಳಿದಳು.

"ಮುಟ್ಟಿವೆ ಅಂತ ನಂಬೋದು ಹೇಗೆ?" ಎಂದು ಹಿಂದಿನಿಂದ ಯಾರೋ ಗಂಡಸರು ಕೇಳಿದರು. ಅಷ್ಟು ಹೊತ್ತಿಗೆ ಅವರೆಲ್ಲ ಕುರ್ಚಿ ಬಿಟ್ಟು ಎದ್ದು ನಿಂತಿದ್ದರು.

"ಏಳು ಕೋಲಿಗೆ ಇಪ್ಪತ್ತೊಂದು ಜೋಡಿ" ಎಂದಳು ಸಂಹಿತಾ. "ಪ್ರತಿಯೊಂದರ ನಡುವೆ ದಾರ ಹಾಯಿಸಿ ನೋಡಬೇಕು. ನೋಡೋದಕ್ಕೆ ನನಗಿಂತ ತಿಳಿದವರು ಇಲ್ಲಿದ್ದಾರೆ. ಅಜ್ಜಿ, ಬರ್ತೀಯಾ?"

ಭೀಮಾಬಾಯಿ ಚೀಲವನ್ನು ಮಗನ ಕೈಗೆ ಕೊಟ್ಟು ಎದ್ದರು. ಮೇಜಿನ ಮುಂದೆ ಕುರ್ಚಿ ಹಾಕಿಸಿಕೊಂಡು, ದಾರವನ್ನು ನಾಲಗೆಯ ತುದಿಗೆ ತಾಗಿಸಿ ಹುರಿ ಮಾಡಿ, ಒಂದೊಂದೇ ಸಂದಿಗೆ ಹಿಡಿದರು. ಕೆಂಪು, ನೀಲಿ. ನಿಂತಿತು. ಕೆಂಪು, ಬಿಳಿ. ನಿಂತಿತು. ಜನ ಗಟ್ಟಿಯಾಗಿ ಎಣಿಸತೊಡಗಿದರು. ಹದಿನೆಂಟು, ಹತ್ತೊಂಬತ್ತು. ಇಪ್ಪತ್ತಕ್ಕೂ ದಾರ ನಿಂತಿತು. ಕೊನೆಯದು ಹಳದಿ ಮತ್ತು ಹಸಿರು. ಭೀಮಾಬಾಯಿ ದಾರ ಎಳೆದರು. ಅದು ಕೂದಲೆಳೆಯಷ್ಟು ಜಾರಿತು. ಎಣಿಸುವ ಬಾಯಿಗಳು ನಿಂತವು.

"ಕೈ ಕೊಡು" ಎಂದರು ಮೆಲ್ಲಗೆ. ಸಂಹಿತಾಳ ಬೆರಳನ್ನು ಹಿಡಿದು ಹಳದಿಯ ತುದಿಯ ಮೇಲಿಟ್ಟು, ಅದರ ಮೇಲೆ ತಮ್ಮ ಬೆರಳಿಟ್ಟು, ಒಂದೇ ಒಂದು ಸಲ ಒತ್ತಿದರು. ಇನ್ನೊಂದು ಕೈಯಿಂದ ದಾರ ಎಳೆದರು. ದಾರ ಬಿಗಿಯಾಯಿತು.

"ಇಪ್ಪತ್ತೊಂದು" ಎಂದರು ಭೀಮಾಬಾಯಿ. ಆಮೇಲೆ ಸಭೆಯ ಕಡೆ ತಿರುಗಿ, "ಎಲ್ಲಾ ಮುಟ್ಟ್ಯಾವ. ಈಗ ಇವನ್ನೆಲ್ಲಾ ತೊಳೀಬೇಕು" ಎಂದರು. ಚಪ್ಪಾಳೆಯ ನಡುವೆ ವಿಷ್ಣುತೀರ್ಥರು ಧನ್ಯವಾದ ಹೇಳಿದ್ದು ಯಾರಿಗೂ ಕೇಳಿಸಲಿಲ್ಲ. ಪ್ರಯೋಗಕ್ಕೆ ಇಟ್ಟಿದ್ದ ಉಂಡೆಗಳನ್ನು ಸೌಕಾರ್‌ಪೇಟೆಯವರು ಖಾಲಿ ಮಾಡಿದರು.

ಹಿಂದಿರುಗುವಾಗ ಅಜ್ಜಿ, ಮೊಮ್ಮಗಳು ಒಂದು ಆಟೋದಲ್ಲಿ ಕೂತರು. ಕಪಾಲಿ ದೇವಸ್ಥಾನದ ಕೆರೆಯ ಸುತ್ತ ಹೂವಿನ ಗಾಡಿಗಳು, ಬಸ್ಸುಗಳು ಸೇರಿಕೊಂಡು ಆಟೋ ಜಪ್ಪಯ್ಯ ಎಂದರೂ ಮುಂದೆ ಹೋಗುತ್ತಿರಲಿಲ್ಲ.

"ನನ್ನ ಕಾಲಕ್ಕ ಆ ದಿನಾ ಬಂದ್ರ ಹಿತ್ತಲ ಕೋಣ್ಯಾಗ ಕೂಡ್ತಿದ್ವಿ" ಎಂದರು ಭೀಮಾಬಾಯಿ ಇದ್ದಕ್ಕಿದ್ದಂತೆ. "ತಾಟು ದೂರದಿಂದ ನೂಕತಿದ್ರು. ಮೂರು ದಿನ ಯಾರೂ ನಮ್ಮನ್ನ ಮುಟ್ತಿರ್ಲಿಲ್ಲ, ಮಕ್ಕಳನ್ನೂ ಬಿಡ್ತಿರ್ಲಿಲ್ಲ. ಅದಕ್ಕ ಹೆಸರಿಟ್ಟಾರ ನೋಡು, ಮುಟ್ಟು ಅಂತ." ಸ್ವಲ್ಪ ಹೊತ್ತು ತಮ್ಮಷ್ಟಕ್ಕೆ ನಕ್ಕರು. "ನಿಂದೊಂದೇ ತಪ್ಪಲ್ಲ ಬಿಡು."

ಸಂಹಿತಾ ಅಜ್ಜಿಯ ಭುಜಕ್ಕೆ ತಲೆ ಒರಗಿಸಿದಳು. ಸಂಜೆಯಾಗಿತ್ತು, ಮಡಿ ಇರಲಿಲ್ಲ.

"ಖರೇನ ಅಷ್ಟು ಸಲ ಅಂದೀನೇನು?" ಎಂದು ಭೀಮಾಬಾಯಿ ಕೇಳಿದರು.

"ಏನು?"

"ಮುಟ್ಟಬ್ಯಾಡ ಅಂತ."

"ಎಣಿಸಿಲ್ಲ ಅಜ್ಜಿ" ಎಂದಳು ಸಂಹಿತಾ.

ಸೋಮವಾರ ಬೆಳಿಗ್ಗೆ ಎಂದಿನಂತೆ ಸೋಫಾದ ಮೇಲೆ ಕಲಾವತಿ ಕ್ಯಾಬಿಗಾಗಿ ಕಾಯುತ್ತಿದ್ದಳು, ಸತ್ಯಾತ್ಮ ಪೇಪರ್ ಓದುತ್ತಿದ್ದ. ಅಡುಗೆಮನೆಯಲ್ಲಿ ಬೇಳೆ ಬೇಯುತ್ತಿತ್ತು. ಸಂಹಿತಾ ಬಾಯಿ ತೊಳೆದು ಬಂದು ಹೊಸ್ತಿಲ ಹೊರಗೆ ತನ್ನ ಜಾಗದಲ್ಲಿ ನಿಂತಳು. ಭೀಮಾಬಾಯಿ ಮಡಿಸೀರೆಯಲ್ಲಿ ಬಂದರು, ಕೈಯಲ್ಲಿ ಕಾಫಿಯ ಲೋಟ. ಸಂಹಿತಾ ಹೊಸ್ತಿಲನ್ನು ನೋಡುತ್ತ ಕಾದಳು. ಲೋಟ ಹೊಸ್ತಿಲಿಗೆ ಇಳಿಯಲಿಲ್ಲ.

"ಹಿಡಿ" ಎಂದರು ಭೀಮಾಬಾಯಿ.

ಸಂಹಿತಾಳಿಗೆ ಅರ್ಥವಾಗಲಿಲ್ಲ. "ಇಡು ಅಜ್ಜಿ, ತಗೋತೀನಿ."

"ಬಿಸಿ ಅದ. ಎಷ್ಟೊತ್ತು ಹಿಡಕೊಂಡು ನಿಲ್ಲಲಿ? ಹಿಡಿ."

ಸಂಹಿತಾ ಕೈ ಚಾಚಿದಳು. ಹೊಸ್ತಿಲ ಮೇಲೆ, ಲೋಟದ ಸುತ್ತ, ಅಜ್ಜಿಯ ಒದ್ದೆ ಬೆರಳುಗಳ ಮೇಲೆ ಅವಳ ಬೆರಳುಗಳು ಕೂತವು. ಇಬ್ಬರೂ ಬೇಗ ಬಿಡಲಿಲ್ಲ. ಸತ್ಯಾತ್ಮನ ಕೈಯ ಪೇಪರ್ ಕೆಳಗಿಳಿಯಿತು. ಕಲಾವತಿಯ ಫೋನ್ ಹೊಡೆದುಕೊಳ್ಳುತ್ತಲೇ ಇತ್ತು.

ಭೀಮಾಬಾಯಿ ಕೈ ಬಿಡಿಸಿಕೊಂಡು, ಒಲೆಯನ್ನು ಮುಟ್ಟದೆ ಪಕ್ಕಕ್ಕೆ ಸರಿದರು. ಮೂಲೆಯಲ್ಲಿದ್ದ ಕೋಲಿನಿಂದ ಗಳುವಿನ ಮೇಲಿನ ಇನ್ನೊಂದು ಮಡಿಸೀರೆಯನ್ನು ಇಳಿಸಿಕೊಂಡು, "ಬ್ಯಾಳಿ ಉಕ್ಕಿದ್ರ ಕೂಗ್ರಿ" ಎಂದು ಹೇಳಿ ಬಚ್ಚಲಿಗೆ ಹೋದರು. ಚಿಲಕ ಬಿದ್ದ ಸದ್ದಾಯಿತು. ಸಂಹಿತಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಹೊಸ್ತಿಲ ಬಳಿಯೇ ನಿಂತು, ಒಳಗೆ ಮೊದಲ ತಂಬಿಗೆ, ಎರಡನೆಯ ತಂಬಿಗೆ ನೀರು ಬೀಳುವುದನ್ನು ಕೇಳುತ್ತಿದ್ದಳು.